ಎಡಕ್ಕೆ ಹಳೇದು, ಬಲಕ್ಕೆ ಬದಲಿ

ಅಕ್ಕನ ಅಂಗಡಿಯಲ್ಲಿ ಇದ್ದದ್ದು ಒಂದೇ ಕಾನೂನು. ಹಳೇ ಸಾಮಾನನ್ನು ಕೈಯಲ್ಲಿ ಹಿಡಿದು ಬಂದವರಿಗೆ ಮಾತ್ರ ಬದಲಿ ಸಾಮಾನು. ಬರಿಗೈಯಲ್ಲಿ ಬಂದು, "ಅಕ್ಕಾ, ಮೂವತ್ತು ವರ್ಷದ ಹಿಂದಿನ ಕಾರು, ಇಷ್ಟು ದಪ್ಪ, ಇಷ್ಟು ಉದ್ದ" ಎಂದು ಗಾಳಿಯಲ್ಲಿ ಕೈಯಾಡಿಸುವವರನ್ನು ಅವಳು ಬೆಂಚಿನ ಮೇಲೂ ಕೂರಿಸುತ್ತಿರಲಿಲ್ಲ. "ಗಾಳೀಲಿ ಕೂರೋ ಸಾಮಾನು ನನ್ನ ಹತ್ರ ಇಲ್ಲಪ್ಪ. ಹೋಗಿ ಬಿಚ್ಕೊಂಡು ಬಾ" ಎಂದು ಬಂದ ದಾರಿಯಲ್ಲೇ ಕಳಿಸಿಬಿಡುತ್ತಿದ್ದಳು.

ಬಿಚ್ಚಿಕೊಂಡು ಬರುತ್ತಿದ್ದರು. ಬಾರದೆ ಏನು ಮಾಡಿಯಾರು? ಕಂಪನಿಯ ದೊಡ್ಡ ಅಂಗಡಿಯಲ್ಲಿ ಹಳೇ ಕಾರಿನ ಹೆಸರು ಎತ್ತಿದರೆ ಟೈ ಕಟ್ಟಿಕೊಂಡವರು ಮುಸಿಮುಸಿ ನಗುತ್ತಾರೆ. ಅಕಸ್ಮಾತ್ ಸಾಮಾನು ಇದೆ ಎಂದರೋ, ಅವರು ಹೇಳುವ ಬೆಲೆಗೆ ನಾವು ಅಳಬೇಕಾಗುತ್ತದೆ. ಕಾರು ಮಾಡುವವರು ನಮ್ಮದೇ ಬೇರೆ, ಅವರದೇ ಬೇರೆ ಎಂದು ಎಷ್ಟೇ ಬಡಾಯಿ ಕೊಚ್ಚಿಕೊಳ್ಳಲಿ, ಒಳಗಿನ ಸಾಮಾನನ್ನೆಲ್ಲ ಅವರೂ ಅದೇ ನಾಲ್ಕಾರು ಕಡೆಯಿಂದ ತಂದು ಜೋಡಿಸುತ್ತಾರೆ ಎಂಬ ಗುಟ್ಟು ಅಕ್ಕನಿಗೆ ಇಪ್ಪತ್ತಾರು ವರ್ಷದ ಹಿಂದೆಯೇ ತಿಳಿದಿತ್ತು. ಯಾವ ವ್ಯಾನಿನ ಬೇರಿಂಗು ಯಾವ ಕಾರಿಗೆ, ಯಾವ ಬಸ್ಸಿನ ದೀಪ ಯಾವ ಜೀಪಿಗೆ ಎಂಬುದನ್ನು ಅವಳು ಎಲ್ಲೂ ಬರೆದಿಟ್ಟವಳಲ್ಲ. ಅದೆಲ್ಲ ಅವಳ ಬೆರಳ ತುದಿಯಲ್ಲಿತ್ತು. ಹಳೇ ಸಾಮಾನನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ಹಿಂದಿನ ರಾಶಿಯೊಳಗೆ ನುಗ್ಗಿ, ಸೀರೆಯ ಸೆರಗಿಗೆ ಗ್ರೀಸು ಮೆತ್ತಿಕೊಂಡು, ಅದರ ಜೊತೆಯದನ್ನು ಹಿಡಿದು ಹೊರಗೆ ಬರುತ್ತಿದ್ದಳು.

ಆಮೇಲೆ ಎರಡನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಶ್ಶಿನಿಂದ ಉಜ್ಜಿ, ತಗಡು ಹೊದಿಸಿದ ಕೌಂಟರಿನ ಮೇಲೆ ಅಕ್ಕಪಕ್ಕ ಇಡುವಳು. ಎಡಕ್ಕೆ ಹಳೇದು, ಬಲಕ್ಕೆ ಬದಲಿ. ಬಂದವರು ಎರಡನ್ನೂ ಮುಟ್ಟಿ, ತಿರುಗಿಸಿ, ಮೂಸಿ ನೋಡಬಹುದು. ಒಪ್ಪಿಗೆಯಾದ ಮೇಲೆ ಬಲಗಡೆಯದು ಗಿರಾಕಿಯ ಚೀಲಕ್ಕೆ, ಎಡಗಡೆಯದು ಕಾಲ ಬುಡದ ಗುಜರಿ ಡಬ್ಬಿಗೆ. ಅಕ್ಕನ ಎರಡೂ ಕೈ ಈ ಕೆಲಸವನ್ನು ಅವಳನ್ನು ಕೇಳದೆಯೇ ಮಾಡಿ ಮುಗಿಸುತ್ತಿದ್ದವು. ಮೆಕ್ಯಾನಿಕ್ಕುಗಳ ಬಾಯಲ್ಲಿ ಒಂದು ಮಾತೇ ಇತ್ತು: ಅಕ್ಕ ಕೊಟ್ಟರೆ ಕೂತ ಹಾಗೇ.

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅಕ್ಕ "ಸಾಕು ಸುಮ್ನಿರ್ರಪ್ಪ" ಎನ್ನುತ್ತಿದ್ದಳು. ಯಾರೂ ಹಾಗೆ ಹೇಳದಿದ್ದರೆ ಮಾತ್ರ ಅವಳಿಗೆ ಆ ದಿನ ಊಟ ರುಚಿಸುತ್ತಿರಲಿಲ್ಲ. ಅವಳ ಆಸ್ತಿ ಎಂದರೆ ಆ ಮಾತು, ಇನ್ನುಳಿದದ್ದು ತುಕ್ಕು.

ಅವಳ ಗಿರಾಕಿಗಳಲ್ಲಿ ಟೇಪಣ್ಣನೆಂಬವನೊಬ್ಬನಿದ್ದ. ಹೆಸರು ಅಕ್ಕನೇ ಇಟ್ಟದ್ದು. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದ ಟೈಲರು. ಹೊಸ ಬಟ್ಟೆ ಹೊಲಿಯುವವನಲ್ಲ. ಸೊಂಟ ಬಿಚ್ಚುವುದು, ತೋಳು ಮೋಟು ಮಾಡುವುದು, ಸವೆದ ಕಾಲರನ್ನು ತಿರುಗಿಸಿ ಹಾಕುವುದು, ಅದರಲ್ಲಿ ಅವನು ಎತ್ತಿದ ಕೈ. ಕಾರಿನ ವಿಷಯದಲ್ಲೂ ಅವನದು ಅದೇ ತತ್ವ. "ಅಪ್ಪನ ಪ್ಯಾಂಟು ಮಗನಿಗೆ ಕೂರುತ್ತೆ ಅಂದ್ಮೇಲೆ ಟೆಂಪೋದ್ದು ಕಾರಿಗೆ ಯಾಕೆ ಕೂರಬಾರದು ಅಕ್ಕಾ?" ಎಂದು ಮೊದಲ ದಿನ ಅವನು ಕೇಳಿದಾಗಲೇ ಅಕ್ಕನಿಗೆ ಇವನು ನಮ್ಮವನು ಅನ್ನಿಸಿಬಿಟ್ಟಿತ್ತು.

ಎಂಟು ವರ್ಷದಲ್ಲಿ ಅವನು ಕೊಂಡುಹೋದದ್ದು ಒಂದೆರಡಲ್ಲ. ಎಡಗಡೆಯ ಮುಂದಿನ ಬಾಗಿಲು ಟ್ಯಾಕ್ಸಿಯದು, ನೀಲಿ ಬಣ್ಣದ್ದು. ಹಿಂದಿನ ದೀಪಗಳು ಮಿನಿ ಬಸ್ಸಿನವು. ಕನ್ನಡಿ ಬೈಕಿನದು. ಹಾರ್ನು ಹಾಲಿನ ವ್ಯಾನಿನದು. ಪ್ರತಿ ಸಲವೂ ಸಾಮಾನು ಬಿಚ್ಚಿಕೊಂಡು ಬಸ್ಸಿನಲ್ಲಿ ಬರುತ್ತಿದ್ದನೇ ಹೊರತು ಕಾರನ್ನು ತಂದವನಲ್ಲ. ಅದರ ಹೊಟ್ಟೆಯೊಳಗಿನದೆಲ್ಲ ಅಕ್ಕನಿಗೆ ಗೊತ್ತು, ಮುಖ ಮಾತ್ರ ನೋಡಿರಲಿಲ್ಲ. ಅವನ ಮನೆ ಎಲ್ಲಿ ಎಂದೂ ಗೊತ್ತಿಲ್ಲ. ಫೋನ್ ನಂಬರು ಕೇಳಿದರೆ, "ಬೇಡಕ್ಕಾ, ಕೊಟ್ರೆ ನೀವು ಅದಿದೆ ಇದಿದೆ ಅಂತ ಫೋನ್ ಮಾಡ್ತೀರಿ, ನಾನು ಬಂದು ತಗೊಂಡುಬಿಡ್ತೀನಿ" ಎನ್ನುತ್ತಿದ್ದ.

ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಟೇಪಣ್ಣ ಬಂದಾಗ ಕರೆಂಟಿರಲಿಲ್ಲ. ಬಟ್ಟೆಯ ಚೂರಿನಲ್ಲಿ ಸುತ್ತಿದ್ದ ಸಾಮಾನನ್ನು ಬಿಚ್ಚಿ ಕೌಂಟರಿನ ಮೇಲಿಟ್ಟ. ಬ್ರೇಕಿನ ಸಿಲಿಂಡರು. ಹೆಬ್ಬೆರಳು ತೂರುವಷ್ಟು ಅಗಲದ ಪುಟ್ಟ ಕೊಳವೆ. ಚಕ್ರದೊಳಗೆ ಕೂತಿರುತ್ತದೆ, ಕಾಲಲ್ಲಿ ಒತ್ತಿದಾಗ ಎಣ್ಣೆ ಬಂದು ಇದನ್ನು ತಳ್ಳಿದರೆ ಗಾಡಿ ನಿಲ್ಲುತ್ತದೆ.

"ಬ್ರೇಕ್ ಒತ್ತಿದ್ರೆ ಕಾಲು ಮೆಲ್ಲಗೆ ಕೆಳಗಿಳೀತಾ ಹೋಗುತ್ತೆ ಅಕ್ಕಾ. ಎರಡೆರಡು ಸಲ ಒತ್ತಿ ಒತ್ತಿ ಇಷ್ಟು ದಿನ ಓಡಿಸ್ದೆ. ಕಂಪನಿಯೋರನ್ನ ಕೇಳಿದ್ರೆ ಅವರು ಹೇಳಿದ ಬೆಲೆಗೆ ಕಾಲೇ ಹೊಸದು ಹಾಕಿಸ್ಕೋಬಹುದು."

ಅಕ್ಕ ಒಳಗೆ ಕಿರುಬೆರಳು ತೂರಿಸಿ ನೋಡಿದಳು. ಉಗುರಿಗೆ ಸಿಗುವಂಥ ಗೀರು. ಎಣ್ಣೆ ಅಲ್ಲಿಂದಲೇ ಜಾರುತ್ತಿತ್ತು. "ಚಿಕ್ಕ ಟೆಂಪೋದ್ದು ಸರಿಯಾಗಿ ಕೂರುತ್ತೆ. ಆರೇ ತಿಂಗಳು ಓಡಿ ಗೋಡೆಗೆ ಗುದ್ದಿದ ಟೆಂಪೋ ಒಂದು ಬಿದ್ದಿದೆ. ಗೋಡೆ ಹೋಯ್ತು, ಸಿಲಿಂಡರಿಗೆ ಏನೂ ಆಗಿಲ್ಲ" ಎಂದು ಹೋಗಿ ತಂದಳು. ತೊಳೆದಳು. ಎಡಕ್ಕೆ ಹಳೇದು, ಬಲಕ್ಕೆ ಬದಲಿ ಇಟ್ಟಳು.

ಟೇಪಣ್ಣ ಬಗ್ಗಿ ನೋಡಿದ. "ಕಾಣ್ತಾನೇ ಇಲ್ವಲ್ಲಕ್ಕಾ. ಈಚೆ ಬನ್ನಿ, ಬೆಳಕಲ್ಲಿ ನೋಡೋಣ."

ಅಕ್ಕ ಕೌಂಟರಿನ ಆಚೆಯಿಂದ ಈಚೆಗೆ ಬಂದು ಅವನ ಪಕ್ಕದಲ್ಲಿ ನಿಂತಳು. ವ್ಯಾಪಾರದ ನಡುವೆ ಅವಳು ಗಿರಾಕಿಯ ಕಡೆಗೆ ಬಂದು ನಿಂತದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಅನರ್ಥವಾದದ್ದು ಅಲ್ಲೇ. ಟೇಪಣ್ಣ ಟೇಪು ತೆಗೆದು ಎರಡರ ಉದ್ದ, ಎರಡರ ಸುತ್ತಳತೆ ಹಿಡಿದು, "ಒಂದೇ ಅಳತೆ! ಅವಳಿ ಜವಳಿ!" ಎಂದು ಖುಷಿಪಟ್ಟ. ಅಕ್ಕನ ಬಲಗೈ ಬಲಗಡೆಯದನ್ನು ಎತ್ತಿ ಅವನ ಚೀಲಕ್ಕೆ ಹಾಕಿತು. ಎಡಗೈ ಎಡಗಡೆಯದನ್ನು ಬಾಚಿ ಕೌಂಟರಿನ ಆಚೆಯ ಡಬ್ಬಿಗೆ ಬೀಳಿಸಿತು.

"ಇವತ್ತು ನಾಲ್ಕು ಗಂಟೆಗೆ ಇಳಿಜಾರಿನ ಕೆಳಗಿನ ಸ್ಕೂಲಿಗೆ ಬ್ಯಾಂಡಿನ ಡ್ರೆಸ್ಸು ಮುಟ್ಟಿಸ್ಬೇಕು" ಎಂದ ಟೇಪಣ್ಣ, ದುಡ್ಡು ಕೊಡುತ್ತಾ. "ನಲವತ್ತು ಜೊತೆ. ಈಗ ಹೋಗಿ ಇದನ್ನ ಕೂರಿಸಿ, ಹೊರಡೋದೇ."

"ಧೈರ್ಯವಾಗಿ ಹೋಗ್ಬನ್ನಿ" ಎಂದಳು ಅಕ್ಕ.

ಮೂರು ಗಂಟೆಗೆ ಅಕ್ಕನ ಯಜಮಾನರು ಗುಜರಿ ಡಬ್ಬಿಯನ್ನು ಬೋರಲು ಹಾಕಿಕೊಂಡು ಕಬ್ಬಿಣ ಬೇರೆ, ಅಲ್ಯುಮಿನಿಯಂ ಬೇರೆ ಮಾಡುತ್ತಾ ಕೂತರು. ಮಾತಿಗೆ ಬಡತನವಿದ್ದ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ನಾಲ್ಕು ಊಟಕ್ಕೆ ಸಂಬಂಧಿಸಿದ್ದು.

"ಏನೇ, ಇದು ಒಳ್ಳೇದಲ್ವಾ?" ಎಂದರು.

"ಯಾವುದ್ರೀ?"

"ಈ ಸಿಲಿಂಡರು. ಡಬ್ಬೀಲಿತ್ತು."

"ಅದು ಟೇಪಣ್ಣನ ಹಳೇದು. ಒಳಗೆ ಬೆರಳು ಹಾಕಿ ನೋಡಿ, ಗೀರಿದೆ."

ಯಜಮಾನರು ಬೆರಳು ಹಾಕಿದರು. ತೆಗೆದರು. ಮತ್ತೆ ಹಾಕಿದರು. ಅದನ್ನು ಹೆಂಡತಿಯ ಕಡೆ ಚಾಚಿದರು. ಅಕ್ಕ ತಾತ್ಸಾರದಿಂದಲೇ ಕಿರುಬೆರಳು ತೂರಿಸಿದಳು. ಒಳಗೆ ಗಾಜಿನಷ್ಟು ನುಣುಪು.

ಅವಳು ಕೌಂಟರಿನ ಆಚೆ ಹೋಗಿ ನಿಂತು ಎರಡೂ ಕೈ ಮುಂದೆ ಚಾಚಿದಳು. ಈಚೆ ಬಂದು ನಿಂತು ಮತ್ತೆ ಚಾಚಿದಳು. ಮತ್ತೊಮ್ಮೆ ಆಚೆ ಹೋದಳು. ಯಜಮಾನರು ಹೆಂಡತಿಗೆ ಏನೋ ಆಗಿಬಿಟ್ಟಿತೆಂದು ಎದ್ದು ನಿಂತರು.

"ಅಯ್ಯೋ, ಅವನ ಕೆಟ್ಟಿದ್ದನ್ನ ಅವನಿಗೇ ಮಾರಿಬಿಟ್ಟಿದೀನಿ ಕಣ್ರೀ! ನಾಲ್ಕು ಗಂಟೆಗೆ ಇಳಿಜಾರು ಇಳೀತಾನೆ! ನಡೀರಿ, ನಡೀರಿ, ಗಾಡಿ ತೆಗೀರಿ!"

ಗಾಡಿ ಎಂದರೆ ಯಜಮಾನರ ಮೂರು ಗಾಲಿಯ ಲಗೇಜ್ ಆಟೋ. ಅಕ್ಕ ಒಳ್ಳೆಯ ಸಿಲಿಂಡರನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಅಂಗಡಿಯ ಬಾಗಿಲನ್ನೂ ಹಾಕದೆ ಅವರ ಪಕ್ಕದಲ್ಲಿ ಇರುಕಿಕೊಂಡು ಕೂತಳು.

"ಸ್ವಲ್ಪ ಬೇಗ ಹೋಗ್ರೀ!"

"ಬೇಗಾನೇ ಹೋಗ್ತಿದೀನಿ."

"ಸೈಕಲ್ ಮುಂದೆ ಹೋಯ್ತಲ್ರೀ!"

"ಅವನಿಗೆ ವಯಸ್ಸಿದೆ."

ಅಕ್ಕನಿಗೆ ಗಂಡನನ್ನು ಆಟೋದಿಂದ ಕೆಳಗೆ ತಳ್ಳಿ ತಾನೇ ಓಡಿಸಿಬಿಡೋಣ ಅನ್ನಿಸಿತು. ಆದರೆ ಅವಳಿಗೆ ಓಡಿಸಲು ಬರುತ್ತಿರಲಿಲ್ಲ. ಟೇಪಣ್ಣನಿಗೆ ಹೆಂಡತಿ ಇದ್ದಾಳೋ ಇಲ್ಲವೋ, ಮಕ್ಕಳೆಷ್ಟೋ, ಎಂಟು ವರ್ಷ ಅವನೊಡನೆ ಚೌಕಾಸಿ ಮಾಡಿದವಳಿಗೆ ಒಂದು ದಿನವೂ ಕೇಳಲು ತೋಚಿರಲಿಲ್ಲವಲ್ಲ ಎಂದು ಈಗ ಹೊಳೆಯಿತು. ಬಾಗಿಲು ಕೊಟ್ಟೆ, ದೀಪ ಕೊಟ್ಟೆ, ಕಡೆಗೆ ಸಾವನ್ನೂ ಕೊಟ್ಟು ಧೈರ್ಯವಾಗಿ ಹೋಗ್ಬನ್ನಿ ಅಂದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಇಳಿಜಾರಿನ ನೆತ್ತಿಯಲ್ಲಿ, ರಸ್ತೆಯ ಬದಿಗೆ ಬೀಗ ರಿಪೇರಿಯವನೊಬ್ಬ ಕೊಡೆಯ ಕೆಳಗೆ ಕೂತಿದ್ದ. ಅಕ್ಕ ಆಟೋ ನಿಲ್ಲುವ ಮೊದಲೇ ಇಳಿದಳು.

"ಅಣ್ಣಾ, ಈ ಕಡೆ ಒಂದು ಹಳೇ ಕಾರು ಬಂತಾ?"

"ಯಾವ ಬಣ್ಣ?"

"ಬಣ್ಣ ಗೊತ್ತಿಲ್ಲ."

"ಯಾವ ಕಂಪನಿ?"

"ಒಂದೇ ಕಂಪನಿ ಅಂತ ಹೇಳಕ್ಕಾಗಲ್ಲ."

ಬೀಗದವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಆ ಕಾರನ್ನ ನೀವು ನೋಡಿದೀರಾ ತಾಯಿ?"

"ನೋಡಿಲ್ಲ! ಆದ್ರೆ ಎಡಗಡೆ ಬಾಗಿಲು ನೀಲಿ ಇರುತ್ತೆ, ಹಿಂದೆ ಬಸ್ಸಿನ ದೀಪ ಇರುತ್ತೆ, ಬೈಕಿನ ಕನ್ನಡಿ..."

"ಓ, ಅದಾ! ಈಗ ತಾನೇ ಇಳೀತು. ಎರಡು ನಿಮಿಷ ಆಗಿರಬೇಕು."

ಯಜಮಾನರು ಅಕ್ಕನ ತೋಳು ಹಿಡಿದು ಆಟೋಗೆ ಹತ್ತಿಸಿ, ಮೊದಲನೇ ಗೇರಿನಲ್ಲಿ ಇಳಿಜಾರಿಗೆ ಬಿಟ್ಟರು.

ರಸ್ತೆಯ ಎರಡೂ ಬದಿಗೆ ಸಾಲು ಮನೆಗಳು. ಮೊದಲನೆಯ ಮನೆಯ ಮುಂದೆ ಒಬ್ಬ ಹೆಂಗಸು ಪಾತ್ರೆ ಹಿಡಿದು ನಿಂತಿದ್ದಳು. ಅಕ್ಕ ಕೇಳುವ ಮೊದಲೇ ಅವಳು ಶುರು ಮಾಡಿದಳು: "ನೋಡ್ರೀ, ಹಾಲಿನ ವ್ಯಾನು ಇಷ್ಟೊತ್ತಿಗೆ ಯಾಕೆ ಬಂತಪ್ಪ ಅಂತ ಓಡಿ ಬಂದ್ರೆ ನಿಲ್ಲಿಸ್ಲೇ ಇಲ್ಲ! ದುಡ್ಡು ಕೊಡಲ್ವಾ ನಾವು?"

ಎರಡನೆಯ ಮನೆಯ ಮುಂದೆ ಚೊಂಬು ಹಿಡಿದ ಮುದುಕಿ. ಮೂರನೆಯದರ ಮುಂದೆ ಕ್ಯಾನು ಹಿಡಿದ ಗಂಡಸು, ಲುಂಗಿ ಎತ್ತಿ ಕಟ್ಟಿಕೊಂಡು. ಆಮೇಲೆ ಅತ್ತೆ ಸೊಸೆ ಒಂದೊಂದು ಪಾತ್ರೆ ಹಿಡಿದು. ಕಣ್ಣು ಹಾಯುವಷ್ಟು ದೂರ, ಇಳಿಜಾರಿನ ಉದ್ದಕ್ಕೂ, ಒಂದು ಮನೆಯೂ ತಪ್ಪದಂತೆ ಜನ ಖಾಲಿ ಪಾತ್ರೆ ಹಿಡಿದು ಕೆಳಗಡೆ ನೋಡುತ್ತಾ ನಿಂತಿದ್ದರು. ಬೇರೆ ದಿನವಾಗಿದ್ದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಅಷ್ಟೂ ಮನೆ ಮುಂದೆ ಹಾರ್ನ್ ಹೊಡೆದಿದಾನೆ ಅಂದ್ರೆ..." ಎಂದಳು.

"ಬ್ರೇಕ್ ಇಲ್ಲ ಅಂತ" ಎಂದರು ಯಜಮಾನರು.

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಣ್ಣು ತೆರೆದದ್ದು ಆಟೋ ಎಡಕ್ಕೆ ತಿರುಗಿ ನಿಂತಾಗ. ಶಾಲೆಯ ಆಟದ ಮೈದಾನ. ಗೇಟು ಹಾರುಹೊಡೆದಿತ್ತು. ಮೈದಾನದ ನಡುವೆ ಚಕ್ರದ ಗುರುತು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಹೊಡೆದು, ಕೊನೆಗೆ ಉದ್ದ ಜಿಗಿತದ ಮರಳುಗುಂಡಿಗೆ ಹೋಗಿ ಮುಗಿದಿತ್ತು. ಗುಂಡಿಯೊಳಗೆ ಮುಂದಿನ ಎರಡೂ ಚಕ್ರ ಹೂತುಕೊಂಡು ಕಾರು ನಿಂತಿತ್ತು. ಅದು ಬೂದಿ ಬಣ್ಣದ್ದು ಎಂದು ಅಕ್ಕನಿಗೆ ಅಂತೂ ತಿಳಿಯಿತು. ಸುತ್ತ ಬ್ಯಾಂಡಿನ ಮಕ್ಕಳು. ನಡುವೆ ಡ್ರೆಸ್ಸು ತುಂಬಿದ ಟ್ರಂಕಿನ ಮೇಲೆ ಟೇಪಣ್ಣ, ಬಿಳಿಚಿಕೊಂಡ ಮುಖ, ಕೈಯಲ್ಲಿ ನೀರಿನ ಲೋಟ. ಪಕ್ಕದಲ್ಲಿ ಡ್ರಿಲ್ ಮೇಷ್ಟ್ರು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಆ ಮರಳನ್ನ ನಿನ್ನೆ ತಾನೇ ಸಮ ಮಾಡ್ಸಿದ್ದೆ ಕಣ್ರೀ" ಎನ್ನುತ್ತಿದ್ದರು.

ಬದುಕಿದ್ದಾನೆ. ಅಕ್ಕ ಆಟೋದಿಂದ ಇಳಿದಳು.

ಅವಳನ್ನು ಕಂಡದ್ದೇ ಟೇಪಣ್ಣ ಗಡಬಡಿಸಿ ಎದ್ದ. "ಅಯ್ಯೋ ಅಕ್ಕಾ, ನಿಮಗೂ ಸುದ್ದಿ ಮುಟ್ಟಿತಾ? ನೀವ್ಯಾಕೆ ಬರೋಕೆ ಹೋದ್ರಿ? ನಿಮ್ಮ ಸಾಮಾನಿಂದು ಒಂಚೂರೂ ತಪ್ಪಿಲ್ಲ. ಸಾರ್, ಇವರೇ ಅಕ್ಕ. ಇವರು ಕೊಟ್ರೆ ಕೂತ ಹಾಗೇ. ತಪ್ಪೆಲ್ಲ ನನ್ನ ಕೈದು. ಹಾಕೋವಾಗ ಒಳಗೆ ಬೆರಳಿಗೆ ಗೀರು ತಗುಲ್ತು. ಬೇರೆಯವರು ಕೊಟ್ಟಿದ್ರೆ ವಾಪಸ್ ತಗೊಂಡು ಹೋಗ್ತಿದ್ದೆ. ಅಕ್ಕ ಕೊಟ್ಟಿದ್ದಲ್ವಾ, ಗೀರು ಇರಬೇಕಾದ್ದಕ್ಕೇ ಇದೆ ಅಂದ್ಕೊಂಡು ಹಾಕ್ದೆ. ನಾನೇ ಎಲ್ಲೋ ಬೋಲ್ಟು ಸಡಿಲ ಬಿಟ್ಟಿರಬೇಕು."

ಮೇಷ್ಟ್ರು ಗೌರವದಿಂದ ತಲೆಯಾಡಿಸಿದರು. "ಗೊತ್ತು ಗೊತ್ತು. ನಮ್ಮ ಸ್ಕೂಟರಿಗೂ ಇವರದೇ ಸಾಮಾನು."

ಅಕ್ಕನ ಸೆರಗಿನ ಗಂಟು ಸೊಂಟಕ್ಕೆ ಒತ್ತುತ್ತಿತ್ತು. ಈ ವಿಷಯ ಗೊತ್ತಿದ್ದದ್ದು ಇಬ್ಬರಿಗೆ. ಇನ್ನೊಬ್ಬರು ಆಟೋದಲ್ಲಿ ಕೂತು ಆಕಾಶ ನೋಡುತ್ತಿದ್ದರು, ಅವರ ಬಾಯಿಂದ ಒಂದಕ್ಷರ ಹೊರಡುವ ಭಯವಿರಲಿಲ್ಲ. "ಹೋಗಲಿ ಬಿಡಿ, ಇನ್ನೊಂದು ಕೊಡ್ತೀನಿ" ಎಂದರೆ ಮುಗಿಯಿತು. ಅಂಗಡಿಯ ಹೆಸರು ಉಳಿಯುತ್ತದೆ, ಜೊತೆಗೆ ದೊಡ್ಡ ಮನಸ್ಸಿನವಳು ಎಂಬ ಹೊಗಳಿಕೆ ಬೇರೆ. ಹಾಗೆ ಹೇಳಿಬಿಡಲು ಅವಳ ನಾಲಿಗೆ ತುರಿಸಿದ್ದು ನಿಜ. ಆದರೆ ಗೀರು ಬೆರಳಿಗೆ ತಗುಲಿದ ಮೇಲೂ ತನ್ನ ಬೆರಳನ್ನು ಬಿಟ್ಟು ಅವಳನ್ನು ನಂಬಿದ ಆ ಪೆದ್ದನ ಮುಖ ನೋಡುತ್ತಾ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು.

"ತಪ್ಪು ನಿಮ್ಮ ಕೈದಲ್ಲ, ನಂದು" ಎಂದಳು, ಎಲ್ಲರಿಗೂ ಕೇಳುವಂತೆ. "ನಾನು ನಿಮ್ಮ ಹಳೇದನ್ನೇ ನಿಮಗೆ ಕೊಟ್ಟೆ. ಒಳ್ಳೇದು ನನ್ನ ಡಬ್ಬೀಲೇ ಉಳೀತು."

"ಛೆ ಛೆ, ಸಾಧ್ಯಾನೇ ಇಲ್ಲ" ಎಂದ ಟೇಪಣ್ಣ.

"ಇದೆ ಕಣ್ರೀ!"

"ನಾನೇ ಟೇಪಲ್ಲಿ ಅಳೆದು ನೋಡಿದೀನಿ ಅಕ್ಕಾ."

"ಎರಡೂ ಒಂದೇ ಅಳತೆ, ಅದಕ್ಕೇ ಅಲ್ವಾ ಅದು ಬದಲಿ!"

"ತಾಯಿ, ನೀವು ಗಾಬರಿಯಾಗಿದೀರಿ. ಸ್ವಲ್ಪ ನೀರು ಕುಡೀರಿ" ಎಂದರು ಮೇಷ್ಟ್ರು.

ಇಪ್ಪತ್ತಾರು ವರ್ಷ ಕಷ್ಟಪಟ್ಟು ಕಟ್ಟಿದ ಹೆಸರು ಇಷ್ಟು ಗಟ್ಟಿಯಾಗಿರುತ್ತದೆ ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಅವಳೇ ಕೆಡವಲು ನಿಂತರೂ ಇವರು ಕೆಡವಲು ಬಿಡರು. ಅವಳು ಬೇರೆ ದಾರಿ ಕಾಣದೆ ಯಜಮಾನರನ್ನು ಕರೆದಳು. ಅವರು ಜಾಕು, ಸ್ಪ್ಯಾನರು ತಂದು, ಮರಳಿನಿಂದ ಕಾರನ್ನು ಮಕ್ಕಳ ಕೈಲಿ ಹಿಂದಕ್ಕೆ ತಳ್ಳಿಸಿ, ಚಕ್ರ ಬಿಚ್ಚಿ, ಎಣ್ಣೆ ಸೋರಿ ತೊಪ್ಪೆಯಾಗಿದ್ದ ಸಿಲಿಂಡರನ್ನು ಕಳಚಿ ಅವಳ ಕೈಗೆ ಕೊಟ್ಟರು. ಅಕ್ಕ ಸೆರಗಿನ ಗಂಟು ಬಿಚ್ಚಿ ಎರಡನ್ನೂ ಟೇಪಣ್ಣನ ಮುಂದೆ ಹಿಡಿದಳು.

"ಬೆರಳು ಹಾಕಿ. ಒಂದೊಂದಾಗಿ."

ಟೇಪಣ್ಣ ಹಾಕಿದ. ಅವನ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಬ್ಬುಗಳು ಮೇಲೇರಿದವು. ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದಾಗಲೂ ಬಾರದಿದ್ದ ಸಿಟ್ಟು ಈಗ ಬಂತು.

"ಅಂದ್ರೆ, ನನ್ನ ಸಾಮಾನನ್ನ ನಾನೇ ದುಡ್ಡು ಕೊಟ್ಟು ತಗೊಂಡ್ನಾ?"

"ಹೂಂ."

"ಚೌಕಾಸಿ ಬೇರೆ ಮಾಡ್ದೆ!"

"ಮಾಡಿದ್ರಿ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಆಗಷ್ಟೇ ಸೀಟಿ ಬಾಯಿಗಿಟ್ಟುಕೊಂಡಿದ್ದರಿಂದ ಅದು ಸೀಟಿಯಾಗಿ ಹೊರಬಂತು. ಮಕ್ಕಳೆಲ್ಲ ಸಾಲಾಗಿ ನಿಂತುಬಿಟ್ಟರು.

ಒಳ್ಳೆಯ ಸಿಲಿಂಡರನ್ನು ಅಕ್ಕ ತಾನೇ ಕೂರಿಸಿದಳು. ಯಜಮಾನರು ಒಳಗೆ ಕೂತು ಬ್ರೇಕು ಒತ್ತುವುದು, ಅವಳು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ತಿರುಪು ಸಡಿಲಿಸಿ ಗಾಳಿ ಬಿಡುವುದು. "ಒತ್ರೀ... ಹಿಡ್ಕೊಳ್ರೀ... ಬಿಡ್ರೀ." ಗಾಳಿಯ ಗುಳ್ಳೆ ನಿಂತು ಬರೀ ಎಣ್ಣೆ ಬರುವವರೆಗೂ ಇದೇ ಮಂತ್ರ. ಎಲ್ಲ ಮುಗಿದಾಗ ಯಜಮಾನರು, "ಗಟ್ಟಿಯಿದೆ" ಎಂದು ಇಳಿದರು.

"ಇಳಿಜಾರಲ್ಲಿ ಒಂದ್ಸಲ ನೋಡಿಬಿಡಿ" ಎಂದಳು ಅಕ್ಕ.

ಟೇಪಣ್ಣ ಇಳಿಜಾರಿನ ಕಡೆ ನೋಡಿದ. ಕಾರಿನ ಕಡೆ ನೋಡಿದ. ಕುತ್ತಿಗೆಯ ಟೇಪನ್ನು ಎಳೆದುಕೊಂಡ. ಬಹಳ ಸಂಕೋಚದಿಂದ, ಓರೆಗಣ್ಣಿನಲ್ಲಿ ನೋಡುತ್ತಾ ಕೇಳಿದ: "ಅಕ್ಕಾ, ತಪ್ಪು ತಿಳೀಬೇಡಿ. ಈಗ ಒಳಗೆ ಕೂತಿರೋದು... ಒಳ್ಳೇದೇ ತಾನೆ?"

ಇಪ್ಪತ್ತಾರು ವರ್ಷದಲ್ಲಿ ಅಕ್ಕನನ್ನು ಯಾರೂ ಹೀಗೆ ಕೇಳಿರಲಿಲ್ಲ. ಮಾತು ಅವಳಿಗೆ ನಾಟಿತು. ಕಣ್ಣಲ್ಲಿ ನೀರೂ ತುಂಬಿತು. ಕೇಳಬೇಕಾದ್ದನ್ನೇ ಕೇಳಿದ್ದಾನೆ, ಮೊದಲೇ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅವಳು ಗ್ರೀಸಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾರಿನ ಆಚೆ ಕಡೆಗೆ ಹೋಗಿ, ಬಾಗಿಲು ತೆರೆದು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಳು.

"ನಡೀರಿ. ಮೇಲೆ ಹತ್ತಿ, ತಿರುಗಿಸಿ, ಇಳಿಸಿ. ನಾನೂ ಬರ್ತೀನಿ."

ತಾನು ಸಾಮಾನು ಕೊಟ್ಟ ಕಾರೊಂದರಲ್ಲಿ ಅಕ್ಕ ಕೂತದ್ದು ಅದೇ ಮೊದಲು. ನೆತ್ತಿಗೆ ಹೋಗಿ ಟೇಪಣ್ಣ ಕಾರನ್ನು ತಿರುಗಿಸಿದ. ಮೇಲಿನಿಂದ ನೋಡಿದಾಗ ರಸ್ತೆ ಬಾವಿಗೆ ಇಳಿಯುವಂತೆ ಕಂಡಿತು. ಅಕ್ಕನಿಗೆ ಭಯವಾಯಿತು, ಬರೀ ಭಯ. ಇಷ್ಟು ವರ್ಷ ಧೈರ್ಯವಾಗಿ ಹೋಗ್ಬನ್ನಿ ಎಂದು ಕಳಿಸಿದ ಪ್ರತಿಯೊಬ್ಬನೂ ಇಂಥದೊಂದು ಜಾಗದಲ್ಲಿ, ಅವಳು ಕೊಟ್ಟ ಒಂದು ತುಂಡು ಕಬ್ಬಿಣವನ್ನು ನಂಬಿ ಕೂತಿದ್ದನಲ್ಲವೇ ಎಂದು ನೆನೆದು ಅವಳು ಸೀಟಿನ ಅಂಚು ಹಿಡಿದುಕೊಂಡಳು.

ಕಾರು ಇಳಿಯಿತು. ಟೇಪಣ್ಣ ಬ್ರೇಕು ಒತ್ತಿದ, ನಿಂತಿತು. ಬಿಟ್ಟ, ಇಳಿಯಿತು. ಮತ್ತೆ ಒತ್ತಿದ, ನಿಂತಿತು. "ಕೂತಿದೆ ಅಕ್ಕಾ, ಚೆನ್ನಾಗಿ ಕೂತಿದೆ!" ಎಂದು ಅವನು ಕೂಗಿದ. ಅಕ್ಕನಿಗೆ ಅದು ಕೇಳಿಸಲೇ ಇಲ್ಲ. ಇಳಿಜಾರು ಮುಗಿದು ಶಾಲೆಯ ಗೇಟು ಬರುವವರೆಗೂ ಅವಳ ಬಲಗಾಲು, ತನ್ನ ಕಡೆ ಇಲ್ಲದ ಬ್ರೇಕನ್ನು ಮೈಯ ಬಲವೆಲ್ಲ ಹಾಕಿ ಒತ್ತುತ್ತಲೇ ಇತ್ತು.